ಟೂಟಿಂಗ್‌ಗೆ ಒಂಬತ್ತು ಸ್ಟೇಷನ್

ಕ್ರಿಸ್ಮಸ್ ದಿನ ಲಂಡನ್‌ನಲ್ಲಿ ಬಸ್ ಓಡೋದಿಲ್ಲ, ಟ್ಯೂಬ್ ರೈಲೂ ಓಡೋದಿಲ್ಲ. ದುಬೈಯಲ್ಲೋ ಸಿಂಗಪುರದಲ್ಲೋ ಇರೋ ಓದುಗರಿಗೆ ಇದು ವಿಚಿತ್ರ ಅನಿಸಬಹುದು. ಇಷ್ಟು ದೊಡ್ಡ ಊರು, ಹಬ್ಬದ ದಿನ ಜನ ಓಡಾಡೋದು ಹೇಗೆ? ಓಡಾಡೋದೇ ಇಲ್ಲ. ಮನೇಲಿ ಕೂತು ಉಣ್ತಾರೆ. ಅವತ್ತು ರಸ್ತೆಗೆ ಬೀಳಬೇಕಾದವರು ನಮ್ಮಂಥವರು: ಆಸ್ಪತ್ರೆ, ಕೇರ್ ಹೋಮ್, ಸೆಕ್ಯುರಿಟಿ, ಸ್ವಚ್ಛತೆ ಕೆಲಸದವರು. 2020ರ ಡಿಸೆಂಬರ್ 25, ಶುಕ್ರವಾರ ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ನಾನು ಥೇಮ್ಸ್ ನದಿ ದಂಡೆಯಿಂದ ಟೂಟಿಂಗ್‌ವರೆಗೆ ನಡೆದೇ ಮನೆ ಸೇರಿದೆ. ಸುಮಾರು ಒಂಬತ್ತು ಕಿಲೋಮೀಟರು. ಆ ದಾರಿಯ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಆದರೆ ಅದಕ್ಕೂ ಮೊದಲು ಆ ವಾರದ ಕಥೆ ಹೇಳಬೇಕು.

ನಾನು ಗದಗ-ಬೆಟಗೇರಿಯವಳು. 2019ರ ಸೆಪ್ಟೆಂಬರ್‌ನಲ್ಲಿ ನರ್ಸ್ ಕೆಲಸಕ್ಕೆ ಇಲ್ಲಿಗೆ ಬಂದೆ. ಮಗಳಿಗೆ ಆಗ ನಾಲ್ಕು ವರ್ಷ. ನಮ್ಮ ಮನೆಯವರಿಗೆ ಹುಬ್ಬಳ್ಳಿಯಲ್ಲಿ ಕೆಲಸ, ಶನಿವಾರ ಭಾನುವಾರ ಮಾತ್ರ ಬರ್ತಿದ್ದರು. ಹಾಗಾಗಿ ಮಗಳನ್ನು ಅಪ್ಪ ಅವ್ವನ ಹತ್ತಿರ ಬಿಟ್ಟು ಬಂದಿದ್ದೆ. ಏಪ್ರಿಲ್‌ನಲ್ಲಿ ಬರ್ತೀನಿ ಅಂದಿದ್ದೆ. ಏಪ್ರಿಲ್ ಏನಾಯ್ತು ಅಂತ ನಿಮಗೆ ಗೊತ್ತೇ ಇದೆ. ಆಮೇಲೆ ಕ್ರಿಸ್ಮಸ್‌ಗೆ ಖಂಡಿತ ಅಂದೆ. ಟಿಕೆಟ್ ತೆಗೆದೆ. 21ನೇ ತಾರೀಕಿನದಕ್ಕಿಂತ 23ನೇ ತಾರೀಕಿನದು ಅರವತ್ತು ಪೌಂಡ್ ಕಡಿಮೆ ಇತ್ತು. 23ರದ್ದೇ ತೆಗೆದೆ.

ಡಿಸೆಂಬರ್ 8ಕ್ಕೆ ಇಲ್ಲಿ ಲಸಿಕೆ ಶುರುವಾಗಿತ್ತು. ಕವೆಂಟ್ರಿಯಲ್ಲಿ ಮಾರ್ಗರೆಟ್ ಕೀನನ್ ಅನ್ನೋ 90 ವರ್ಷದ ಅಜ್ಜಿಗೆ ಮೊದಲ ಚುಚ್ಚುಮದ್ದು ಕೊಟ್ಟ ನರ್ಸ್ ಫಿಲಿಪೈನ್ಸ್ ಮೂಲದವರು ಅಂತ ನಮ್ಮ ವಾರ್ಡಿನ ಫಿಲಿಪಿನೋ ಗೆಳತಿಯರು ಅವತ್ತು ಕೇಕ್ ತಂದಿದ್ದರು. ಇನ್ನೇನು ಮುಗೀತು ಅನ್ನೋ ಹುಮ್ಮಸ್ಸು ಎಲ್ಲರಿಗೂ. ಕ್ರಿಸ್ಮಸ್‌ಗೆ ಐದು ದಿನ, 23ರಿಂದ 27ರವರೆಗೆ, ಮೂರು ಮನೆಯವರು ಒಟ್ಟಿಗೆ ಸೇರಬಹುದು ಅಂತ ಸರ್ಕಾರವೂ ಹೇಳಿತ್ತು. 19ನೇ ತಾರೀಕು ಶನಿವಾರ ಸಂಜೆ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಗೆ ಬಂದು ಆ ಮಾತು ವಾಪಸು ತಗೊಂಡರು. ಹೊಸ ರೂಪದ ವೈರಸ್ಸು, ಬೇಗ ಹರಡುತ್ತೆ. ಲಂಡನ್ ಮತ್ತು ಸುತ್ತಲಿನ ಪ್ರದೇಶಕ್ಕೆ ಮಧ್ಯರಾತ್ರಿಯಿಂದಲೇ ‘ಟಿಯರ್ 4’. ಹಬ್ಬದ ದಿನವೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗೋ ಹಾಗಿಲ್ಲ. ಅವತ್ತು ರಾತ್ರಿ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್‌ನಲ್ಲಿ ಊರು ಬಿಡೋ ಜನ ಸೂಟ್‌ಕೇಸ್ ಹಿಡಿದು ನಿಂತಿದ್ದನ್ನು ಟಿವಿಯಲ್ಲಿ ನೋಡಿದೆ. ವಿಮಾನಕ್ಕೇನೂ ಆಗಿಲ್ಲವಲ್ಲ ಅಂತ ನನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡೆ.

21ಕ್ಕೆ ಅದೂ ಆಯ್ತು. ಬ್ರಿಟನ್ನಿನಿಂದ ಬರೋ ವಿಮಾನಗಳನ್ನೆಲ್ಲ 22ರ ರಾತ್ರಿಯಿಂದ ನಿಲ್ಲಿಸ್ತೀವಿ ಅಂತ ಭಾರತ ಸರ್ಕಾರ ಹೇಳಿತು. ಅರವತ್ತು ಪೌಂಡು!

ಪೆಟ್ಟಿಗೆ ತುಂಬಿ ಆಗಿತ್ತು. 23 ಕೆಜಿಗೆ ಸರಿಯಾಗಿ ತೂಗಿ, ಬಾಗಿಲ ಹತ್ತಿರ ನಿಲ್ಲಿಸಿದ್ದೆ. ಎಲ್ಲಕ್ಕಿಂತ ಮೇಲೆ ಮಗಳ ಬೂಟು, ನಡೆದರೆ ಹಿಮ್ಮಡಿಯಲ್ಲಿ ಲೈಟ್ ಹತ್ತೋವು. ವಿಮಾನದವರು ದುಡ್ಡು ಕೊಡಲಿಲ್ಲ, ವೋಚರ್ ಕೊಟ್ಟರು; ಆ ಜಗಳ ಇಲ್ಲಿ ಬೇಡ. ಅವ್ವನಿಗೆ ಫೋನ್ ಮಾಡಿದೆ. “ಆತು ಬಿಡವಾ, ಜೀವ ದೊಡ್ಡದು” ಅಂದಳು. ಮಗಳಿಗೆ ಕೊಡು ಅಂದೆ. ಮಗಳು ಬರಲಿಲ್ಲ. ಹಿಂದಿನಿಂದ ದನಿ ಕೇಳಿಸ್ತು: “ಮಮ್ಮಿ ಸುಳ್ಳು ಹೇಳ್ತಾಳ. ನಾ ಮಾತಾಡೂದಿಲ್ಲ.” 22ಕ್ಕೂ ಬರಲಿಲ್ಲ, 23ಕ್ಕೂ ಬರಲಿಲ್ಲ. 24ಕ್ಕೆ ಚಕ್ಲಿ ತಿನ್ನುತ್ತಾ ಕ್ಯಾಮೆರಾದ ಮುಂದೆ ಹಾದು ಹೋದಳು, ನನ್ನ ಕಡೆ ನೋಡಲಿಲ್ಲ. ಐದು ವರ್ಷದ ಕೂಸಿಗೆ ಅಷ್ಟು ಹಟ ಎಲ್ಲಿಂದ ಬಂತು ಅಂತ ನಮ್ಮ ಮನೆಯವರನ್ನು ಕೇಳಿದೆ. “ಎಲ್ಲಿಂದ ಅಂತ ನನ್ನ ಬಾಯಿಲೇ ಹೇಳಸ್ತೀಯೇನು?” ಅಂದರು.

ಹೇಗೂ ಊರಿಗೆ ಹೋಗೋದು ತಪ್ಪಿತ್ತು. ವಾರ್ಡಿನಲ್ಲಿ 24ರ ರಾತ್ರಿ ಡ್ಯೂಟಿ ಇದ್ದವಳಿಗೆ ಎರಡು ಸಣ್ಣ ಮಕ್ಕಳು. ನೀನು ಮನೇಲಿರು, ನಾನು ಮಾಡ್ತೀನಿ ಅಂದೆ. ಒಳ್ಳೆಯತನಕ್ಕೆ ಅಂತ ಅಲ್ಲ, ಆ ರಾತ್ರಿ ಪೆಟ್ಟಿಗೆ ನೋಡ್ತಾ ಮನೇಲಿ ಕೂರೋಕೆ ನನ್ನಿಂದ ಆಗ್ತಿರಲಿಲ್ಲ.

ಬೆಟಗೇರಿಯಲ್ಲಿ ಕ್ರಿಸ್ಮಸ್ ಅಂದರೆ ಏನು ಅಂತ ಬೇರೆ ಕಡೆಯವರಿಗೆ ಸ್ವಲ್ಪ ಹೇಳ್ತೀನಿ. ನಮ್ಮದು ಮಗ್ಗದ ಊರು. ಹಬ್ಬದ ಹಿಂದಿನ ವಾರ ಮನೆ ಮುಂದೆ ಬಣ್ಣದ ಹಾಳೆಯ ನಕ್ಷತ್ರ ಕಟ್ಟೋದು, ಒಳಗೆ ಬಲ್ಬು. ರಾತ್ರಿ ಕ್ಯಾರಲ್‌ನವರು ಬರ್ತಾರೆ, ಹಾರ್ಮೋನಿಯಂ, ತಬಲಾ ಹಿಡಿದು. ಅವ್ವ ಕರ್ಚಿಕಾಯಿ, ಚಕ್ಲಿ, ರವೆ ಉಂಡಿ ಮಾಡಿ ಓಣಿಯ ಎಲ್ಲ ಮನೆಗೂ ತಾಟು ಕಳಿಸ್ತಾಳೆ. ದೀಪಾವಳಿಗೆ ಅವರ ಮನೆ ತಾಟು ನಮ್ಮಲ್ಲಿಗೆ ಬಂದಿರುತ್ತಲ್ಲ. ಬೆಳಗಿನ ಜಾವ ಕತ್ತಲಲ್ಲೇ ತಲೆಗೆ ನೀರು ಹಾಕಿಕೊಂಡು ಆರಾಧನೆಗೆ ಹೋಗೋದು. ಆ ವರ್ಷ ಅಲ್ಲೂ ಎಲ್ಲ ಗೊಂದಲವೇ. ಕರ್ನಾಟಕದಲ್ಲಿ 24ರಿಂದ ರಾತ್ರಿ ಕರ್ಫ್ಯೂ ಅಂದರು, ಶುರುವಾಗೋ ಮೊದಲೇ ಬೇಡ ಅಂದರು. ನಮ್ಮ ಓಣಿಗೆ ಕ್ಯಾರಲ್‌ನವರು ಬರಲಿಲ್ಲವಂತೆ.

ವಾರ್ಡಿನ ಆ ರಾತ್ರಿಯ ಬಗ್ಗೆ ಹೆಚ್ಚು ಹೇಳೋಕೆ ಇಷ್ಟ ಇಲ್ಲ. ಹಾಸಿಗೆಗಳು ತುಂಬ್ತಾ ಇದ್ದವು, ಏಪ್ರಿಲ್ ಮತ್ತೆ ಬಂತು ಅಂತ ಎಲ್ಲರ ಮುಖದಲ್ಲೂ ಬರೆದಿತ್ತು. ಒಬ್ಬರನ್ನು ಮಾತ್ರ ಹೇಳಬೇಕು. ಜಮೈಕಾದಿಂದ 1950ರ ದಶಕದಲ್ಲಿ ಬಂದ ಹಿರಿಯರು, ಸ್ಟಾಕ್‌ವೆಲ್ ಡಿಪೋದಲ್ಲಿ ಬಸ್ ಡ್ರೈವರ್ ಆಗಿದ್ದವರು. ಮನೆಯವರು ಬರೋ ಹಾಗಿರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ನಾನು ಟ್ಯಾಬ್ಲೆಟ್ ಹಿಡಿದು ನಿಂತೆ, ಆ ಕಡೆ ಮಗಳು, ಮೊಮ್ಮಕ್ಕಳು. ಆಮ್ಲಜನಕದ ಮಾಸ್ಕ್ ಇದ್ದದ್ದರಿಂದ ಅವರು ಮಾತಾಡಲಿಲ್ಲ, ಕೈ ಎತ್ತಿ ಎತ್ತಿ ತೋರಿಸಿದರು. ನನ್ನ ಕೈ ನಡುಗ್ತಾ ಇತ್ತು, ಟ್ಯಾಬ್ಲೆಟ್ ಭಾರಕ್ಕೆ ಅಂದುಕೊಂಡಿದ್ದೆ. ಬೆಳಿಗ್ಗೆ ಸ್ವಲ್ಪ ಹಗುರಾಗಿದ್ದರು. ಬಸ್ಸಿಲ್ಲವಲ್ಲ, ಹೇಗೆ ಹೋಗ್ತೀ ಅಂತ ಕೇಳಿದರು. ನಡೀತೀನಿ ಅಂದೆ, ದಾರಿ ಹೇಳಿದೆ. ಹಾಗಾದರೆ ಕ್ಲಾಪಮ್ ಸೌತ್ ಹತ್ತಿರ ನಿಂತು ನೋಡು, ನಮ್ಮ ಚಿಕ್ಕಪ್ಪ ಈ ದೇಶದಲ್ಲಿ ಮಲಗಿದ ಮೊದಲ ರಾತ್ರಿ ಅಲ್ಲಿ ನೆಲದ ಕೆಳಗೆ ಅಂದರು. ಆಮೇಲೆ ಅವರನ್ನು ಬೇರೆ ವಾರ್ಡಿಗೆ ಕಳಿಸಿದರು. ಮುಂದಿನದು ನನಗೆ ಗೊತ್ತಾಗಲಿಲ್ಲ. ನರ್ಸ್ ಕೆಲಸದಲ್ಲಿ ಬಹಳ ಕಥೆಗಳು ಹೀಗೇ ಅರ್ಧಕ್ಕೆ ನಿಲ್ತವೆ.

ಆಸ್ಪತ್ರೆಯಿಂದ ಟ್ಯಾಕ್ಸಿ ಇತ್ತು, ಆದರೆ ಒಂದು ಗಾಡಿಗೆ ಒಬ್ಬರೇ. ಕ್ರಾಯ್ಡನ್‌ಗೆ ಹೋಗಬೇಕಿದ್ದ, ನನಗಿಂತ ದೊಡ್ಡ ಅಕ್ಕ ಒಬ್ಬರಿಗೆ ನನ್ನದನ್ನು ಕೊಟ್ಟೆ. ಎಂಟೂಕಾಲಿಗೆ ಹೊರಗೆ ಬಂದಾಗ ಆಗಷ್ಟೇ ಬೆಳಕಾಗ್ತಿತ್ತು. ಮೂಗು ಕತ್ತರಿಸೋ ಚಳಿ. ಆಚೆ ದಡದಲ್ಲಿ ಪಾರ್ಲಿಮೆಂಟು, ದೊಡ್ಡ ಗಡಿಯಾರದ ಗೋಪುರಕ್ಕೆ ರಿಪೇರಿಯ ಸಾರುವೆ ಕಟ್ಟಿದ್ದರು. ಮುಂದಿನ ಮಾರ್ಚ್‌ನಲ್ಲಿ ಇದೇ ದಂಡೆಯ ಉದ್ದದ ಗೋಡೆಯ ಮೇಲೆ, ಸತ್ತ ಒಬ್ಬೊಬ್ಬರಿಗೆ ಒಂದೊಂದು ಅಂತ ಕೆಂಪು ಹೃದಯ ಬರೆದರು. ಅವತ್ತು ಅದು ಬರೀ ಗೋಡೆ.

ಲ್ಯಾಂಬೆತ್ ಸೇತುವೆ ಹತ್ತಿರ ಬಸವಣ್ಣ ಇದ್ದಾರೆ. ಲಂಡನ್ ಕನ್ನಡಿಗರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳೋದಾದರೆ, ಕಲಬುರಗಿ ಕಡೆಯ ನೀರಜ್ ಪಾಟೀಲರು ಲ್ಯಾಂಬೆತ್‌ನ ಮೇಯರ್ ಆಗಿದ್ದವರು, ಅವರ ಪ್ರಯತ್ನದಿಂದ ಬಂದ ಪ್ರತಿಮೆ, 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಗದಗಿನವರಿಗೆ, ಯಾವ ಮತದವರಾದರೂ ಆಗಲಿ, ಬಸವಣ್ಣ ನಮ್ಮ ಮಂದಿ. ಹಬ್ಬದ ದಿನ ಡ್ಯೂಟಿ ಮಾಡಿ ಬಂದವಳು ನಾನೊಬ್ಬಳೇ, ಎದುರಿಗೆ ಕಾಯಕದ ಗುರು. ಸುತ್ತ ಒಂದು ನಾಯಿಯೂ ಇರಲಿಲ್ಲ. “ಹ್ಯಾಪಿ ಕ್ರಿಸ್ಮಸ್ರೀ ಅಣ್ಣಾರ” ಅಂತ ಜೋರಾಗೇ ಹೇಳಿದೆ. ಇಪ್ಪತ್ತನಾಲ್ಕು ಗಂಟೆ ನಿದ್ದೆ ಇಲ್ಲದವರು ಏನು ಬೇಕಾದರೂ ಮಾಡ್ತಾರೆ.

ಅಲ್ಲಿಂದ ಕೆನ್ನಿಂಗ್ಟನ್. ದಿನಾ ನಾನು ರೈಲು ಬದಲಿಸೋ ಸ್ಟೇಷನ್. ಮೇಲಿನಿಂದ ಹೇಗಿದೆ ಅಂತ ನೋಡೇ ಇರಲಿಲ್ಲ. ಸಣ್ಣ ಗುಮ್ಮಟದ ಚೆಂದದ ಕಟ್ಟಡ, ಬಾಗಿಲಿಗೆ ಕಬ್ಬಿಣದ ಜಾಲರಿ. ಆಗ ಒಂದು ಯೋಚನೆ ಬಂತು. ನಮ್ಮ ಮಗಳಿಗೆ ರೈಲು ಅಂದರೆ ಪ್ರಾಣ. ಅಪ್ಪ ಅವಳನ್ನು ಗದಗ ಜಂಕ್ಷನ್‌ಗೆ ಕರಕೊಂಡು ಹೋಗಿ ಗೂಡ್ಸ್ ಗಾಡಿಯ ಡಬ್ಬಿ ಎಣಿಸ್ತಾರೆ. ನೆಲದ ಕೆಳಗಿನ ರೈಲು ತೋರಿಸ್ತೀನಿ ಅಂತ ನಾನು ಹೇಳಿದ್ದು ನೂರು ಸಲ. ಸ್ಟೇಷನ್‌ನ ಕೆಂಪು ಉಂಗುರದ ಬೋರ್ಡಿನ ಫೋಟೋ ತೆಗೆದು ಅವ್ವನ ಫೋನಿಗೆ ಕಳಿಸಿದೆ. ಕೆಳಗೆ ದನಿ ಸಂದೇಶ: “ಇವತ್ತ ರೈಲು ಇಲ್ಲ. ಮಮ್ಮಿ ನಡಕೋತ ಹೊಂಟಾಳ. ಇದು ಒಂದನೇ ಸ್ಟೇಷನ್. ಮನಿ ಒಂಬತ್ತನೇದು.” ಉತ್ತರ ಬರಲಿಲ್ಲ. ಊರಲ್ಲಿ ಮಧ್ಯಾಹ್ನ ಎರಡೂವರೆ, ಎಲ್ಲ ಊಟ ಮಾಡಿ ಮಲಗಿರಬಹುದು ಅಂದುಕೊಂಡೆ.

ಎರಡನೇದು ಓವಲ್. ಸ್ಟೇಷನ್‌ನಿಂದ ಎರಡು ನಿಮಿಷಕ್ಕೆ ಕ್ರಿಕೆಟ್ ಮೈದಾನ, ಹಿಂದೆ ಹಳೇ ಗ್ಯಾಸ್ ಟ್ಯಾಂಕಿನ ಕಬ್ಬಿಣದ ಚೌಕಟ್ಟು. ಅದರದ್ದೂ ಫೋಟೋ ಕಳಿಸಿದೆ. ತಕ್ಷಣ ಫೋನ್ ರಿಂಗ್ ಆಯ್ತು. ಅಪ್ಪ! ನಾನು ಮಾತಾಡೋಕೆ ಮೊದಲೇ “ಅದು ಓವಲ್ ಏನವಾ? ಚಂದ್ರಶೇಖರಂದು?” ಅಂದರು. 1971ರಲ್ಲಿ ಅಪ್ಪ ಹೈಸ್ಕೂಲ್ ಹುಡುಗ. ಇಂಗ್ಲೆಂಡಿನಲ್ಲಿ ಭಾರತ ಮೊದಲ ಸಲ ಟೆಸ್ಟ್ ಗೆದ್ದಿದ್ದು ಇಲ್ಲೇ, ನಮ್ಮ ಬಿ. ಎಸ್. ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ತೆಗೆದಿದ್ದರು. ಪೋಲಿಯೋದಲ್ಲಿ ಸೊರಗಿದ ಕೈ, ಅದೇ ಕೈಯಿಂದ. ಕುಂಬ್ಳೆಯ ಒಂದೇ ಒಂದು ಟೆಸ್ಟ್ ಶತಕ, 2007ರದ್ದು, ಅದೂ ಇಲ್ಲೇ. ಅಪ್ಪ ಗೇಟಿನ ಹತ್ತಿರ ಹೋಗು, ಒಳಗೆ ಕಾಣ್ತದೇನು ನೋಡು ಅಂತ ನನ್ನನ್ನು ಆ ಚಳಿಯಲ್ಲಿ ಗೋಡೆ ಸುತ್ತ ಓಡಾಡಿಸಿದರು. ಏನೂ ಕಾಣಲಿಲ್ಲ. ಆಮೇಲೆ ಅಪ್ಪ ಯಾರಿಗೋ ಹೇಳೋ ದನಿ: “ಆ ದಿವಸ ಗಣೇಶ ಚೌತಿ ಇತ್ತು. ಒಂದು ಆನಿ ಕರಕೊಂಡು ಬಂದಿದ್ರು ಗ್ರೌಂಡಿಗೆ. ಆನಿ ಹೆಸರು ಬೆಲ್ಲ.”

ಇದು ನಿಜ. ಚೆಸಿಂಗ್ಟನ್ ಮೃಗಾಲಯದ ಬೆಲ್ಲಾ ಅನ್ನೋ ಆನೆಯನ್ನು ಅವತ್ತು ಮೈದಾನದಲ್ಲಿ ಮೆರವಣಿಗೆ ಮಾಡಿಸಿದ್ದರು. ಇಂಗ್ಲಿಷರಿಗೆ ಅದು ಹೆಣ್ಣು ಹೆಸರು. ನಮ್ಮ ಮನೆಯಲ್ಲಿ ಅದು ಬೆಲ್ಲ.

ಆ ಕಡೆ ಕಿಸಕ್ ಅಂತ ನಗು ಕೇಳಿಸ್ತು. ಆಮೇಲೆ ಸಣ್ಣ ದನಿ, ನನಗಲ್ಲ, ಅಜ್ಜನಿಗೆ: “ಆನಿ ಈಗ ಎಲ್ಲೈತಂತ ಮಮ್ಮಿಗೆ ಕೇಳು.”

ರಸ್ತೆ ಬದಿಯ ಕಟ್ಟೆ ಮೇಲೆ ಕೂತುಬಿಟ್ಟೆ. ನಾಲ್ಕು ದಿನದ ನಂತರ ಬಂದ ಮೊದಲ ಮಾತು. ಆನೆ ಮನೆಗೆ ಹೋಗೈತಿ, ಇವತ್ತು ಬಸ್ಸಿಲ್ಲ, ಅದೂ ನಡಕೋತ ಹೋಗೈತಿ ಅಂದೆ. (ಸುಳ್ಳು ಹೇಳ್ತಾಳ ಅಂತ ಸಿಟ್ಟಾದವಳಿಗೆ ಮತ್ತೆ ಸುಳ್ಳೇ ಹೇಳಿದೆ, ಗೊತ್ತು.) “ಹಂಗಾರ ಮೂರನೇ ಸ್ಟೇಷನ್ದು ಕಳಸು ಅನ್ನು” ಅಂದಳು, ಮತ್ತೆ ಅಜ್ಜನಿಗೇ.

ಸ್ಟಾಕ್‌ವೆಲ್‌ನಲ್ಲಿ ಬಸ್ ಡಿಪೋ ನೋಡೋಕೆ ಪಕ್ಕದ ರಸ್ತೆಗೆ ತಿರುಗಿದೆ. 1952ರಲ್ಲಿ ಕಟ್ಟಿದ್ದು, ಒಳಗೆ ಒಂದೂ ಕಂಬ ಇಲ್ಲದ, ಅಲೆಅಲೆಯಾದ ದೊಡ್ಡ ಕಾಂಕ್ರೀಟ್ ಮಾಡು. ಕೆಂಪು ಬಸ್ಸುಗಳು ಒಳಗೇ ಸಾಲಾಗಿ ನಿಂತಿದ್ದವು, ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ. ನಮ್ಮ ಹಿರಿಯರು ಎಷ್ಟು ಬೆಳಗಿನ ಜಾವ ಇಲ್ಲಿಂದ ಗಾಡಿ ತೆಗೆದಿರಬೇಕು! ಮತ್ತೆ ಕ್ಲಾಪಮ್ ರೋಡಿಗೆ ಬಂದು ಕ್ಲಾಪಮ್ ನಾರ್ತ್. ರಸ್ತೆಯಲ್ಲಿ ಸಿಕ್ಕವರನ್ನು ಎಣಿಸ್ತಾ ಹೋದೆ. ಊಟ ಡೆಲಿವರಿ ಮಾಡೋ ಹುಡುಗ ಒಬ್ಬ, ಕಟ್ಟಡದ ಕಾವಲಿನ ಆಫ್ರಿಕಾದ ಅಣ್ಣ ಒಬ್ಬ, ನನ್ನ ಹಾಗೇ ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡ ಇಬ್ಬರು ಹೆಂಗಸರು. ಎಲ್ಲರೂ ತಲೆ ಆಡಿಸಿ ನಮಸ್ಕಾರ ಮಾಡಿದರು. ಬೇರೆ ದಿನ ಲಂಡನ್‌ನಲ್ಲಿ ಯಾರೂ ಯಾರಿಗೂ ಹಾಗೆ ಮಾಡಲ್ಲ.

ಐದನೇದು ಕ್ಲಾಪಮ್ ಕಾಮನ್, ದೊಡ್ಡ ಹುಲ್ಲುಮೈದಾನ. ಇಲ್ಲಿ ಜನ ಇದ್ದರು. ಮನೆಮಂದಿ ಅಷ್ಟೇ ಗುಂಪಾಗಿ ವ್ಯಾಯಾಮಕ್ಕೆ ಅಂತ ಹೊರಗೆ ಬರೋಕೆ ಅನುಮತಿ ಇತ್ತು. ಹೊಸ ಸೈಕಲ್ಲು ಬಹಳ ಕಂಡವು. ಒಬ್ಬ ಅಪ್ಪ ಸೀಟು ಹಿಡಿದು ಓಡ್ತಿದ್ದ, ಮಗಳು ಬಿಡಬೇಡ ಬಿಡಬೇಡ ಅಂತ ಕಿರುಚ್ತಿದ್ದಳು. ಅಲ್ಲಿ ಹೆಚ್ಚು ಹೊತ್ತು ನೋಡಲಿಲ್ಲ. ಮೈದಾನದ ಅಂಚಿನ ಹೋಲಿ ಟ್ರಿನಿಟಿ ಚರ್ಚಿನ ಎದುರಿನ ಬೆಂಚಿನಲ್ಲಿ ಕೂತು, ವಾರ್ಡಿನಲ್ಲಿ ಕೊಟ್ಟಿದ್ದ ಮಿನ್ಸ್ ಪೈ ತಿಂದೆ. ಹೆಸರು ಕೇಳಿ ಮೊದಲ ವರ್ಷ ಒಳಗೆ ಕೈಮಾ ಇರುತ್ತೆ ಅಂದುಕೊಂಡಿದ್ದೆ. ಇರೋದು ಒಣದ್ರಾಕ್ಷಿ ಹೂರಣ. ನಮ್ಮ ಕರ್ಚಿಕಾಯಿಗೆ ದೂರದ ನೆಂಟ ಅನ್ನಬಹುದು, ಆದರೆ ಕರ್ಚಿಕಾಯಿಯ ಗರಿಗರಿ ಅದಕ್ಕಿಲ್ಲ.

ಈ ಚರ್ಚಿಗೂ ನಮ್ಮ ಊರಿಗೂ ಒಂದು ಎಳೆ ಇದೆ. ಗುಲಾಮಗಿರಿ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಮತ್ತು ಅವನ ಗೆಳೆಯರ ಬಳಗ ಸೇರ್ತಿದ್ದದ್ದು ಇಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ನೆಲಕ್ಕೆ ಮಿಷನರಿಗಳನ್ನು ಬಿಡಬೇಕು ಅಂತ 1813ರಲ್ಲಿ ಪಾರ್ಲಿಮೆಂಟಿನಲ್ಲಿ ಪಟ್ಟು ಹಿಡಿದವರೂ ಇವರೇ. 1833ರಲ್ಲಿ ಬ್ರಿಟಿಷರಲ್ಲದವರಿಗೂ ಬಾಗಿಲು ತೆರೀತು, ಮರುವರ್ಷವೇ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ನಿಘಂಟಿನ ಕಿಟೆಲ್ ಅವರೂ ಅದೇ ಮಿಷನ್‌ನವರು. 1841ರಲ್ಲಿ ಬೆಟಗೇರಿಗೂ ಬಂದರು, ನಮ್ಮ ಮುತ್ತಜ್ಜನ ಅಜ್ಜ ಯಾವಾಗಲೋ ಆ ಬಾಗಿಲೊಳಗೆ ಹೋದ. ಅದು ಸರಿಯೋ ತಪ್ಪೋ ಅನ್ನೋ ವಾದ ದೊಡ್ಡದು, ನಮ್ಮ ಮನೆಯಲ್ಲೇ ಎರಡು ಪಕ್ಷ ಇದೆ. ಅವತ್ತು ನನಗೆ ಅನಿಸಿದ್ದು ಇಷ್ಟೇ: ಈ ಹಬ್ಬ ನಮ್ಮ ಓಣಿಗೆ ಬಂದಿದ್ದೂ ಯಾರೋ ಮನೆ ಬಿಟ್ಟು ದೂರ ಬಂದಿದ್ದರಿಂದಲೇ. ಲಾಕ್‌ಡೌನ್‌ನಲ್ಲೂ ಇಲ್ಲಿ ಚರ್ಚು ಮುಚ್ಚಬೇಕು ಅಂತಿರಲಿಲ್ಲ, ಆದರೆ ಸಭೆಯವರು ಹಾಡೋ ಹಾಗಿರಲಿಲ್ಲ. ಹಾಡಿಲ್ಲದ ಕ್ರಿಸ್ಮಸ್ ಅಂದರೆ ಏನು ಅಂತ ಅವ್ವನಿಗೆ ಹೇಳಿದರೆ ನಂಬಲಿಲ್ಲ. ನಾನು ಒಳಗೆ ಹೋಗಲಿಲ್ಲ. ಕೋವಿಡ್ ವಾರ್ಡಿನ ಬಟ್ಟೆಯಲ್ಲಲ್ಲದಿದ್ದರೂ, ಅಲ್ಲಿಂದ ಬಂದವಳು.

ಕ್ಲಾಪಮ್ ಸೌತ್ ಹತ್ತಿರ ನಿಂತೆ. ಸ್ಟೇಷನ್ ಹತ್ತಿರ ಗುಂಡನೆಯ, ಕಿಟಕಿ ಇಲ್ಲದ ಕಟ್ಟಡ, ನೀರಿನ ಟ್ಯಾಂಕ್ ಅಂತ ನಾನು ತಿಳಿದಿದ್ದೆ. ಅದು ಎರಡನೇ ಮಹಾಯುದ್ಧದಲ್ಲಿ ಬಾಂಬಿನಿಂದ ಉಳಿಯೋಕೆ ಕೊರೆದ ಸುರಂಗದ ಬಾಯಿ. ಸುಮಾರು 180 ಮೆಟ್ಟಿಲು ಕೆಳಗೆ, ಎಂಟು ಸಾವಿರ ಜನ ಮಲಗೋವಷ್ಟು ಜಾಗ. 1948ರ ಜೂನ್‌ನಲ್ಲಿ ‘ಎಂಪೈರ್ ವಿಂಡ್‌ರಶ್’ ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಂದ ಕೆಲಸಕ್ಕೆ ಬಂದವರಲ್ಲಿ ಇರೋಕೆ ಜಾಗ ಇಲ್ಲದ ಇನ್ನೂರಕ್ಕೂ ಹೆಚ್ಚು ಜನರನ್ನು ಇಲ್ಲಿ ಇಳಿಸಿದರು. ಹತ್ತಿರದ ಉದ್ಯೋಗ ಕಚೇರಿ ಬ್ರಿಕ್ಸ್ಟನ್‌ನಲ್ಲಿತ್ತು, ಹಾಗಾಗಿ ಅವರಲ್ಲಿ ಬಹಳ ಜನ ಅಲ್ಲೇ ನೆಲೆ ನಿಂತರು. ಸಮುದ್ರ ದಾಟಿ ಬಂದು ಮೊದಲ ರಾತ್ರಿ ಬಾವಿಯಷ್ಟು ಆಳದಲ್ಲಿ, ತಲೆ ಮೇಲೆ ರೈಲಿನ ಸದ್ದು. ನನ್ನ ಮೊದಲ ರಾತ್ರಿಗೆ ಆಸ್ಪತ್ರೆಯವರು ಕೊಟ್ಟ ರೂಮಿನಲ್ಲಿ ಹೀಟರ್ ಇತ್ತು, ಆದರೂ ಅತ್ತಿದ್ದೆ. ಫೋಟೋ ಕಳಿಸಿ “ಇದು ಆರು” ಅಂದೆ. ಈಗ ಉತ್ತರ ನೇರವಾಗಿ ನನಗೇ ಬಂತು: “ಇನ್ನ ಮೂರ ಉಳದಾವ. ಜಲ್ದಿ ನಡಿ.”

ಬ್ಯಾಲಮ್‌ನಲ್ಲಿ ನಿಲ್ಲಲಿಲ್ಲ. 1940ರ ಅಕ್ಟೋಬರ್‌ನಲ್ಲಿ ಅಲ್ಲಿ ಬಾಂಬು ಬಿದ್ದು, ಪ್ಲಾಟ್‌ಫಾರಂನಲ್ಲಿ ಆಶ್ರಯ ಪಡೆದಿದ್ದ 60ಕ್ಕೂ ಹೆಚ್ಚು ಜನ ಸತ್ತರು, ಅವರ ನೆನಪಿನ ಫಲಕ ಸ್ಟೇಷನ್ ಒಳಗಿದೆ. ಅದು ಬೀಗದ ಹಿಂದೆ ಇತ್ತು, ಮಗಳಿಗೆ ಹೇಳೋ ಕಥೆಯೂ ಅಲ್ಲ. ಕಾಲು ಸೋತಿತ್ತು. ಟೂಟಿಂಗ್ ಬೆಕ್ ದಾಟಿದ ಮೇಲೆ ನಮ್ಮ ಕಡೆಯ ವಾಸನೆ ಶುರು. ಅಪ್ಪರ್ ಟೂಟಿಂಗ್ ರೋಡಿನಲ್ಲಿ ಒಂದು ತಮಿಳರ ಕಿರಾಣಿ ಅಂಗಡಿ ಅರ್ಧ ಶಟರ್ ಎತ್ತಿಕೊಂಡು ತೆರೆದಿತ್ತು. ಒಳಗೆ ಹೋಗಿ ಅರ್ಧ ಕೆಜಿ ಬೆಲ್ಲದ ಅಚ್ಚು ತಗೊಂಡೆ. ಅಂಗಡಿಯವರು ಮಾಸ್ಕಿನ ಮೇಲಿನಿಂದ ನನ್ನ ಕಣ್ಣು ನೋಡಿ, ಒಂದು ಚಕ್ಲಿ ಪ್ಯಾಕೆಟ್ ಸೇರಿಸಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಟೂಟಿಂಗ್ ಬ್ರಾಡ್‌ವೇ ಸ್ಟೇಷನ್ ಎದುರು ಏಳನೇ ಎಡ್ವರ್ಡ್ ರಾಜನ ವಿಗ್ರಹ ಇದೆ. ಅದರ ಬುಡದಲ್ಲಿ ನಿಂತು ಒಂಬತ್ತನೇ ಫೋಟೋ ಕಳಿಸಿದೆ. ಹತ್ತೂ ಮುಕ್ಕಾಲು. ಮನೆಗೆ ಹೋದಾಗ ಕೇರಳದ ಇಬ್ಬರು ಹುಡುಗಿಯರು, ನನ್ನ ಜೊತೆ ಮನೆ ಹಂಚಿಕೊಂಡವರು, ಅಪ್ಪಂ ಮತ್ತು ಸ್ಟ್ಯೂ ಮುಚ್ಚಿಟ್ಟು ಡ್ಯೂಟಿಗೆ ಹೊರಟಿದ್ದರು. ವಿಡಿಯೋ ಕಾಲ್ ಮಾಡಿದೆ. ಈ ಸಲ ಮಗಳೇ ಎತ್ತಿದಳು. ಬೆಲ್ಲದ ಅಚ್ಚು ತೋರಿಸಿ “ಆನಿ ಸಿಕ್ತು ನೋಡು” ಅಂದೆ. ನಕ್ಕಳು. ಆಮೇಲೆ ನನ್ನ ಹಿಂದೆ ನಿಂತಿದ್ದ ಪೆಟ್ಟಿಗೆ ಕಾಣಿಸ್ತು.

“ಅದರಾಗ ನನ್ನ ಬೂಟು ಅದಾವ?”

“ಅದಾವ.”

“ಪೆಟಗಿ ತೆಗೀಬ್ಯಾಡ ಮಮ್ಮಿ. ಹಂಗ ತಗೊಂಡು ಬಾ.”

ತೆಗೀಲಿಲ್ಲ. ಜನವರಿ 8ರಿಂದ ವಿಮಾನ ಮತ್ತೆ ಶುರುವಾದವು, ಆದರೆ ಆಗ ವಾರ್ಡಿನಿಂದ ಯಾರೂ ಕದಲೋ ಸ್ಥಿತಿ ಇರಲಿಲ್ಲ. ಏಪ್ರಿಲ್‌ನಲ್ಲಿ ಭಾರತದ ಸರದಿ, ಇಲ್ಲಿಯವರು ನಮ್ಮ ದೇಶವನ್ನು ಕೆಂಪು ಪಟ್ಟಿಗೆ ಹಾಕಿದರು. ನಾನು ಗದಗ ಜಂಕ್ಷನ್‌ನಲ್ಲಿ ಇಳಿದಿದ್ದು 2021ರ ಅಕ್ಟೋಬರ್‌ನಲ್ಲಿ. ಪೆಟ್ಟಿಗೆಯ ಚಕ್ರದಲ್ಲಿ ಟೂಟಿಂಗ್‌ನ ಧೂಳು ಹಾಗೇ ಇತ್ತು. ಮಗಳು ಅಂಗಳದಲ್ಲೇ ಕೂತು ಅದನ್ನು ಬಿಚ್ಚಿಸಿದಳು. ಬೂಟು ಎರಡು ಸೈಜು ಸಣ್ಣ ಆಗಿತ್ತು. ತಂಗಿಯ ಮಗ ಹಾಕಿಕೊಂಡು ಓಣಿಯೆಲ್ಲ ಲೈಟ್ ಹತ್ತಿಸ್ತಾ ಓಡಾಡಿದ.